ತೆಂಗಿನ ತೋಟದಲ್ಲಿ ಶತ್ರು ಮಿತ್ರರ ಗುರುತು

ಮಳವಳ್ಳಿ ತಾಲ್ಲೂಕಿನ ಬ್ಲಫ್ ಮೊದಲ್ಗೊಂಡು ಮದ್ದೂರು, ಮಂಡ್ಯಗಳವರೆಗಿನ ಸೀಮೆಯಲ್ಲಿ ತೆಂಗು ಮುಖ್ಯವಾದ ತೋಟದ ಬೆಳೆ. ಮದ್ದೂರಿನ ಎಳನೀರು ಮಾರುಕಟ್ಟೆಯಿಂದ ಕಾಯಿಗಳು ದೂರದ ಪಟ್ಟಣಗಳಿಗೆ ಹೋಗುತ್ತವೆ. ಸಸಿ ನೆಟ್ಟು ಫಲ ಕಾಣಲು ಹಲವು ವರ್ಷ ಕಾಯಬೇಕಾದುದರಿಂದ, ಒಂದು ಮರ ಸತ್ತರೆ ಆಗುವ ನಷ್ಟವು ಒಂದು ವರ್ಷದ ಫಸಲಿನ ನಷ್ಟವಲ್ಲ. ಹೀಗಿದ್ದರೂ, ಗರಿ ಒಣಗಿದುದನ್ನು ಕಂಡೊಡನೆ ಕಾರಣವನ್ನು ವಿಚಾರಿಸದೆ ವಿಷದ ಔಷಧವನ್ನು ಸಿಂಪಡಿಸುವ ರೂಢಿ ಅನೇಕರಲ್ಲುಂಟು.

ಮೊದಲು ಕಾರಣ, ಆಮೇಲೆ ಮದ್ದು ಎಂಬುದೇ ಸರಿಯಾದ ಕ್ರಮ. ಮೈಸೂರು ಸಂಸ್ಥಾನದಲ್ಲಿ ಡಾಕ್ಟರ್ ಕೋಲ್ಮನ್‌ರವರು 1910 ರ ಸುಮಾರಿನಲ್ಲಿ ಅಡಿಕೆಯ ಕೊಳೆರೋಗವನ್ನು ಪರೀಕ್ಷಿಸಿ, ಅದು ಒಂದು ಬಗೆಯ ಶಿಲೀಂಧ್ರದಿಂದ ಬರುವುದೆಂದು ತಿಳಿಸಿದರು. ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವು ಮಲೆನಾಡಿನ ತೋಟಗಳಲ್ಲಿ ನೆಲೆಗೊಂಡುದು ಇಂತಹ ಪರೀಕ್ಷೆಯ ಫಲವಾಗಿಯೇ. ತೆಂಗಿನ ವಿಷಯದಲ್ಲಿಯೂ ಮರವನ್ನು ಸುಳಿಯಿಂದ ಬುಡದವರೆಗೆ ಕ್ರಮವಾಗಿ ನೋಡತಕ್ಕದ್ದು.

1. ಸುಳಿ: ಹೊಸದಾಗಿ ಬಿಚ್ಚಿದ ಗರಿಯು ಕತ್ತರಿಯಿಂದ ಕತ್ತರಿಸಿದಂತೆ ಬೀಸಣಿಗೆಯಾಕಾರದಲ್ಲಿ ಕಂಡರೆ, ಅದು ಕೊಂಬುಳ್ಳ ಕುರುವಾಯಿ ದುಂಬಿಯ ಕೆಲಸ. ಸುಳಿಯ ತೂತಿನಿಂದ ಕೊಕ್ಕೆಯ ತಂತಿಯಲ್ಲಿ ದುಂಬಿಯನ್ನು ಎಳೆದು ಕೊಲ್ಲಬೇಕು. ಆದರೆ ಇದರ ಮರಿಹುಳು ಬೆಳೆಯುವುದು ಮರದಲ್ಲಲ್ಲ, ತಿಪ್ಪೆಯಲ್ಲಿ. ತಿಪ್ಪೆಯನ್ನು ಆಗಾಗ್ಗೆ ತಿರುವಿ, ದಪ್ಪನಾದ ಬಿಳಿಯ ಹುಳುಗಳನ್ನು ಆರಿಸಿ ನಾಶಪಡಿಸದಿದ್ದರೆ ಬಾಧೆ ತಪ್ಪದು.

2. ಕೆಳಗಿನ ಗರಿಗಳು: ಬೇಸಗೆಯಲ್ಲಿ ಹಳೆಯ ಗರಿಗಳು ಬೆಂಕಿ ತಗುಲಿದಂತೆ ಒಣಗಿ, ಎಲೆಯ ತಳಭಾಗದಲ್ಲಿ ನೂಲು ಮತ್ತು ಹಿಕ್ಕೆಯ ಗೂಡುಗಳಿದ್ದರೆ, ಅದು ಕಪ್ಪುತಲೆ ಹುಳು. ಹೆಚ್ಚಾಗಿ ಕೆಟ್ಟ ಗರಿಗಳನ್ನು ಕಡಿದು ಸುಡಬೇಕು. ಗೋನಿಯೋಜಸ್ ಎಂಬ ಸಣ್ಣ ಕಣಜವು ಈ ಹುಳುವಿನ ಸಹಜ ವೈರಿ. ಅದನ್ನು ಸಾಕಿ ತೋಟಕ್ಕೆ ಬಿಡುವ ಪದ್ಧತಿಯುಂಟು.

3. ಎಲೆಯ ಮೇಲಿನ ಕಪ್ಪು: ಇದನ್ನು ರೋಗವೆಂದು ಭ್ರಮಿಸುವುದು ಸಾಮಾನ್ಯ. ವಾಸ್ತವದಲ್ಲಿ ಮೇಲಿನ ಗರಿಯ ತಳದಲ್ಲಿ ಸುರುಳಿಯಾಕಾರದ ಬಿಳಿಯ ಮೇಣವನ್ನು ಹರಡುವ ಬಿಳಿನೊಣವು ಸುರಿಸಿದ ಸಿಹಿರಸದ ಮೇಲೆ ಬೆಳೆದ ಬೂಷ್ಟು ಅದು. ಈ ನೊಣವು ಭಾರತದಲ್ಲಿ 2016 ರಲ್ಲಿ ಮೊದಲು ಕಂಡುಬಂದಿತು. ನೊಣದ ಮರಿಗಳು ಅಲ್ಲಲ್ಲಿ ಕಪ್ಪಾಗಿದ್ದರೆ, ಎನ್ಕಾರ್ಸಿಯಾ ಎಂಬ ಕಣಜವು ಅವುಗಳೊಳಗೆ ಬೆಳೆಯುತ್ತಿದೆ ಎಂದರ್ಥ. ಆಗ ವಿಷ ಸಿಂಪಡಿಸಿದರೆ ಸಾಯುವವನು ಮಿತ್ರ. ಶೇಕಡ 1 ರ ಗಂಜಿಯ ನೀರನ್ನು ಸಿಂಪಡಿಸಿದರೆ ಬೂಷ್ಟು ಒಣಗಿ ಉದುರುತ್ತದೆ.

4. ಕಾಂಡ: ತೂತುಗಳಿಂದ ಕಂದುರಸ ಸೋರಿ, ಅಗಿದ ನಾರು ಹೊರಬಿದ್ದಿದ್ದರೆ, ಕೆಂಪುಮೂತಿ ಹುಳು ಒಳಗೆ ಸೇರಿದೆ. ಕಿವಿಯಿಟ್ಟು ಕೇಳಿದರೆ ಕೊರೆಯುವ ಶಬ್ದ ಕೇಳುವುದೂ ಉಂಟು. ಇದು ಎಲ್ಲಕ್ಕಿಂತ ಅಪಾಯಕರ. ಸುಳಿ ಬಾಗುವವರೆಗೆ ಕಾದರೆ ಮರ ಉಳಿಯುವುದು ದುರ್ಲಭ. ಗಾಯವಾದ ಕಡೆ ಇದು ಮೊಟ್ಟೆಯಿಡುವುದರಿಂದ ಕಾಂಡವನ್ನು ಕಚ್ಚು ಮಾಡಕೂಡದು; ಹಸಿಗರಿಯನ್ನು ಕಡಿಯಲೇಬೇಕಾದರೆ ಸುಮಾರು 4 ಅಡಿ ದಂಟನ್ನು ಬಿಟ್ಟು ಕಡಿಯತಕ್ಕದ್ದು. ಕುರುವಾಯಿ ಕೊರೆದ ಗಾಯವೂ ಇದಕ್ಕೆ ದಾರಿಯಾಗುತ್ತದೆ.

5. ಉದುರಿದ ಎಳೆಗಾಯಿ: ತೊಟ್ಟಿನ ಬಳಿ ಕಚ್ಚಿದ ತೂತಿದ್ದರೆ ಇಲಿಯ ಕೆಲಸ. ಕಾಂಡಕ್ಕೆ ತಗಡಿನ ಪಟ್ಟಿ ಸುತ್ತುವುದು ಉಪಯುಕ್ತ. ಆದರೆ ಪಕ್ಕದ ಮರಗಳ ಗರಿಗಳು ಒಂದಕ್ಕೊಂದು ತಾಗುತ್ತಿದ್ದರೆ ಪ್ರಯೋಜನವಿಲ್ಲ.

6. ಇಡೀ ತೋಟದ ಹಳದಿ: ತಗ್ಗಿನ ಮರಗಳೆಲ್ಲವೂ ಒಂದೇ ಸಮನೆ ಹಳದಿಯಾದರೆ ಹುಳುವನ್ನು ಹುಡುಕುವ ಮೊದಲು ಬುಡವನ್ನು ಅಗೆದು ನೋಡತಕ್ಕದ್ದು. ನಾಲೆಯ ನೀರು ನಿಂತು ಬೇರು ಕೊಳೆತಿದ್ದರೆ ಬಸಿಗಾಲುವೆಯೇ ಅದಕ್ಕೆ ಔಷಧ.

ಇನ್ನು ಮಿತ್ರರು. ಗುಲಗಂಜಿ ಹುಳುವೂ ಅದರ ಮರಿಯೂ ಹೇನುಗಳನ್ನು ತಿನ್ನುತ್ತವೆ. ಜೇಡ, ಓತಿಕೇತ, ನೆಲಗಪ್ಪೆಗಳು ಕೀಟಗಳನ್ನು ಹಿಡಿಯುತ್ತವೆ. ಅಪಶಕುನವೆಂದು ಓಡಿಸುವ ಗೂಬೆಯೂ, ಕಂಡಲ್ಲಿ ಬಡಿಯುವ ಕೇರೆಹಾವೂ ಇಲಿಗಳ ಪರಮ ಶತ್ರುಗಳು. ಕೇರೆಗೆ ವಿಷವಿಲ್ಲ. ಇವುಗಳನ್ನು ಕೊಂದವನು ತನ್ನ ತೋಟದ ಕೂಲಿಯಿಲ್ಲದ ಕಾವಲುಗಾರನನ್ನು ಕೊಂದಂತೆ.

ಹುಳುವಿಗೆ ಬೇಲಿಯ ಅರಿವಿಲ್ಲ. ಒಬ್ಬನ ತಿಪ್ಪೆಯಲ್ಲಿ ಹುಟ್ಟಿದ ದುಂಬಿ ನೆರೆಯವನ ಸುಳಿಯನ್ನು ಕೊರೆಯುತ್ತದೆ. ಆದಕಾರಣ ಗ್ರಾಮದ ಮುಖಂಡರೂ ಜಮೀನುದಾರರೂ ಸೇರಿ, ಮುಂಗಾರಿಗೆ ಮೊದಲು ಊರಿನ ತಿಪ್ಪೆಗಳನ್ನೆಲ್ಲಾ ಒಂದೇ ವಾರದಲ್ಲಿ ತಿರುವಿಸುವ ಏರ್ಪಾಟು ಮಾಡುವುದು ಯುಕ್ತ. ಸಂಶಯವಿದ್ದಲ್ಲಿ ಕೆಟ್ಟ ಗರಿಯನ್ನೂ ಹುಳುವನ್ನೂ ಸಮೀಪದ ರೈತ ಸಂಪರ್ಕ ಕೇಂದ್ರಕ್ಕೆ ಅಥವಾ ಮಂಡ್ಯದ ವಿ. ಸಿ. ಫಾರಂಗೆ ಒಯ್ದು ತೋರಿಸಿ, ಅನಂತರವೇ ಔಷಧಕ್ಕೆ ಕೈಹಾಕತಕ್ಕದ್ದು.