ಬದುವಿನ ಮೇಲಿನ ಹಳದಿ ಚಿಟ್ಟೆ: ಔಷಧಿ ಹೊಡೆಯುವ ಮುನ್ನ ಗುರುತಿಸಿರಿ

ಪೆರ್ಡೂರಿನ ಆಸುಪಾಸಿನಲ್ಲಿ ಏಣೆಲು ಬೆಳೆಯ ಕಾಲಕ್ಕೆ ಗದ್ದೆಯ ಬದುಗಳ ಮೇಲೆ ಹಳದಿ ಹಾಗೂ ಬಿಳಿ ಚಿಟ್ಟೆಗಳು ಹಾರಾಡುವುದನ್ನು ನೀವು ನೋಡಿರಬಹುದು. ಇವನ್ನು ಕಂಡೊಡನೆ ಭತ್ತಕ್ಕೆ ಹುಳು ಬಿತ್ತೆಂದು ಔಷಧಿ ಹೊಡೆದರೆ ಹಣ ವ್ಯರ್ಥವಾಗುವುದಲ್ಲದೆ, ಪೀಡೆಗಳನ್ನು ತಿನ್ನುವ ಜೇಡ ಮತ್ತು ಪರಾವಲಂಬಿ ಕಣಜಗಳೂ ಸಾಯುತ್ತವೆ.

ಇವು ಯಾವ ಚಿಟ್ಟೆಗಳು?

ಇವು ಪಿಯರಿಡೆ ಎಂಬ ಕುಟುಂಬಕ್ಕೆ ಸೇರಿವೆ. ನೆಲಕ್ಕೆ ಸಮೀಪ ಹಾರುವ, ರೆಕ್ಕೆಯ ಅಂಚು ಕಪ್ಪಾಗಿರುವ ಚಿಕ್ಕ ಹಳದಿ ಚಿಟ್ಟೆಯ ಮರಿಹುಳು ತಗಟೆ ಗಿಡದ ಎಲೆ ತಿನ್ನುತ್ತದೆ. ಆಟಿ ತಿಂಗಳಿನಲ್ಲಿ ತಜಂಕ್ ಎಂದು ಪಲ್ಯಕ್ಕೆ ಕೊಯ್ಯುವ ಸೊಪ್ಪು ಇದೇ. ವೇಗವಾಗಿ ಹಾರುವ ದೊಡ್ಡ ತಿಳಿಹಳದಿ ಚಿಟ್ಟೆಯ ಮರಿಗೆ ಕಕ್ಕೆ ಮರದ ಎಲೆ ಆಹಾರ. ಇವೆರಡೂ ಭತ್ತವನ್ನು ಮುಟ್ಟುವುದಿಲ್ಲ. ಒದ್ದೆ ಮಣ್ಣಿನ ಮೇಲೆ ಗುಂಪಾಗಿ ಕೂರುವುದು ಲವಣಾಂಶ ಹೀರುವುದಕ್ಕೆ, ಮೊಟ್ಟೆ ಇಡುವುದಕ್ಕಲ್ಲ.

ಹಿಂದಿನ ರೆಕ್ಕೆಯ ಕೆಳಮೈ ಹಳದಿಯಾಗಿ, ಅಂಚಿನಲ್ಲಿ ಕೆಂಪು ಚುಕ್ಕೆಗಳಿರುವ ಜೆಜೆಬೆಲ್ ಚಿಟ್ಟೆಯೂ ಇದೇ ಕುಟುಂಬದ್ದು. ಇದರ ಮರಿಗಳು ಮಾವಿನ ಮರದ ಮೇಲಿನ ಬಂದಳಿಕೆಯ ಎಲೆಯನ್ನು ತಿನ್ನುತ್ತವೆ, ಮಾವಿನ ಎಲೆಯನ್ನಲ್ಲ. ಆದರೆ ಇಷ್ಟರಿಂದಲೇ ಬಂದಳಿಕೆ ನಾಶವಾಗದು. ಅದು ಕಾಯಿ ಬಿಡುವ ಮುನ್ನ, ಅಂಟಿದ ಜಾಗಕ್ಕಿಂತ ಕೆಳಗೆ ಕೊಂಬೆಯನ್ನು ಕಡಿಯಬೇಕು.

ಎಲೆಕೋಸಿಗೆ ಹಾನಿ ಮಾಡುವ ಬಿಳಿ ಚಿಟ್ಟೆ ಈ ಕುಟುಂಬದಲ್ಲಿದೆಯಾದರೂ ಅದು ಮುಖ್ಯವಾಗಿ ಉತ್ತರ ಭಾರತದ ಪೀಡೆ.

ಭತ್ತದ ನಿಜವಾದ ಶತ್ರು

ಭತ್ತದ ಕಾಂಡ ಕೊರೆಯುವ ಹುಳುವಿನ ಪತಂಗವೂ ಹಳದಿ ಬಣ್ಣದ್ದೇ. ತಪ್ಪು ತಿಳಿವಳಿಕೆಗೆ ಇದೇ ಕಾರಣ. ಹೆಣ್ಣು ಪತಂಗದ ಮುಂದಿನ ಎರಡು ರೆಕ್ಕೆಗಳಲ್ಲೂ ಒಂದೊಂದು ಕಪ್ಪು ಚುಕ್ಕೆ ಇರುತ್ತದೆ. ಕುಳಿತಾಗ ರೆಕ್ಕೆಗಳು ಮನೆಯ ಮಾಡಿನಂತೆ ಇಳಿಜಾರಾಗಿರುತ್ತವೆ. ರಾತ್ರಿ ದೀಪಕ್ಕೆ ಬರುತ್ತದೆ. ಚಿಟ್ಟೆಯಾದರೋ ಹಗಲು ಹಾರುತ್ತದೆ. ಕುಳಿತಾಗ ರೆಕ್ಕೆಗಳನ್ನು ಬೆನ್ನಿನ ಮೇಲೆ ನೆಟ್ಟಗೆ ಜೋಡಿಸುತ್ತದೆ. ಅದರ ಮೀಸೆಯ ತುದಿ ದಪ್ಪವಾಗಿರುತ್ತದೆ.

ಈ ಪತಂಗವು ಎಲೆಯ ತುದಿಯ ಬಳಿ ಗುಂಪಾಗಿ ಮೊಟ್ಟೆಯಿಟ್ಟು ಕಂದು ಕೂದಲಿನಿಂದ ಮುಚ್ಚುತ್ತದೆ. ಮರಿ ಕಾಂಡದೊಳಗೆ ಸೇರಿದರೆ ಎಳೆಯ ಪೈರಿನ ಸುಳಿ ಒಣಗುತ್ತದೆ, ಎಳೆದರೆ ಸುಲಭವಾಗಿ ಕಿತ್ತುಬರುತ್ತದೆ. ತೆನೆ ಬರುವಾಗ ಬಾಧಿಸಿದರೆ ತೆನೆ ಬೆಳ್ಳಗಾಗಿ ಜೊಳ್ಳಾಗುತ್ತದೆ.

ನೀವು ಮಾಡಬೇಕಾದುದು

1. ನಾಟಿಗೆ ಮುನ್ನ ನೇಜಿಯ ತುದಿ ಚಿವುಟಿ ನಾಶಮಾಡಿರಿ. ಮೊಟ್ಟೆಗಳು ಅದರೊಂದಿಗೆ ಹೋಗುತ್ತವೆ.

2. ಸಂಜೆಯ ನಂತರ ದೀಪದ ಬಲೆಯಿಟ್ಟು ಪತಂಗ ಬಂದಿದೆಯೇ ಎಂದು ಗಮನಿಸಿರಿ.

3. ವಾರಕ್ಕೊಮ್ಮೆ ಗದ್ದೆಯ ನಾಲ್ಕೈದು ಕಡೆ ತೆಂಡೆಗಳನ್ನು ಎಣಿಸಿರಿ. 100 ತೆಂಡೆಗಳಲ್ಲಿ 10ರಷ್ಟು ಸುಳಿ ಒಣಗಿದ್ದರೆ ಮಾತ್ರ ಔಷಧಿಯ ಯೋಚನೆ ಮಾಡಿರಿ.

4. ಆಗಲೂ ಬಾಧಿತ ಪೈರನ್ನು ಸಮೀಪದ ರೈತ ಸಂಪರ್ಕ ಕೇಂದ್ರದಲ್ಲಿ ತೋರಿಸಿ, ಸಲಹೆ ಪಡೆದೇ ಸಿಂಪಡಿಸಿರಿ.