ಸಣ್ಣ ಚೌಕಗಳ ಲೆಕ್ಕ

ದೊಡ್ಡಬಳ್ಳಾಪುರದ ಸುತ್ತಣ ಬಯಲನ್ನು ಸಮನಾದ ಚೌಕಗಳಾಗಿ ವಿಭಾಗಿಸಿ, ಚೌಕಕ್ಕೊಂದರಂತೆ ನೆಲದ ಎತ್ತರವನ್ನು ಗುರುತಿಸಿದರೆ, ಬಯಲಿನ ಆಕಾರವು ಚೆನ್ನಾಗಿಯೇ ತೋರುವುದು. ಅದೇ ಚೌಕಗಳನ್ನು ೧,೪೭೮ ಮೀಟರ್ ಎತ್ತರದ ನಂದಿಬೆಟ್ಟದ ಮೇಲೆ ಹಾಸಿದರೆ, ಕಡಿದಾದ ಬಂಡೆಯು ಒಂದೇ ಚೌಕದೊಳಗೆ ಅಡಗಿಹೋಗುವುದು. ಆದಕಾರಣ ಬೆಟ್ಟವಿರುವಲ್ಲಿ ಚೌಕಗಳನ್ನು ಕಿರಿದು ಮಾಡಬೇಕು. ಬಯಲಿಗೆ ದೊಡ್ಡವೇ ಸಾಕು. ಈ ವಿವೇಕಕ್ಕೆ ಗಣಕಯಂತ್ರದ ಶಾಸ್ತ್ರದಲ್ಲಿ ‘ಅಡಾಪ್ಟಿವ್ ಮೆಶ್ ರಿಫೈನ್‌ಮೆಂಟ್’, ಎಂದರೆ ಅಗತ್ಯವರಿತು ಜಾಲರಿಯನ್ನು ಸೂಕ್ಷ್ಮಗೊಳಿಸುವುದು, ಎಂದು ಹೆಸರು.

ಇದರ ಒಂದು ಘನವಾದ ಉಪಯೋಗವನ್ನು ನೋಡೋಣ. ಸೂರ್ಯನಿಗೆ ಶಕ್ತಿಯನ್ನೀಯುವ ಪರಮಾಣುಬೀಜಗಳ ಸಮ್ಮಿಲನವನ್ನು ಭೂಮಿಯ ಮೇಲೆ ಸಾಧಿಸಲು ವಿಜ್ಞಾನಿಗಳು ಯತ್ನಿಸುತ್ತಿರುವರು. ಅದಕ್ಕೆ ಸುಮಾರು ೧೫ ಕೋಟಿ ಡಿಗ್ರಿಗಳ ಉಷ್ಣತೆ ಬೇಕು. ಆಗ ಜಲಜನಕವು ‘ಪ್ಲಾಸ್ಮಾ’ ಎಂಬ ಸ್ಥಿತಿಯಲ್ಲಿರುವುದು. ಯಾವ ಪಾತ್ರೆಯೂ ಅದನ್ನು ತಾಳಲಾರದು. ಬಳೆಯಾಕಾರದ ‘ಟೋಕಮಾಕ್’ ಯಂತ್ರದಲ್ಲಿ ಅಯಸ್ಕಾಂತಬಲದಿಂದ ಹಿಡಿದಿಡುವರು. ಗಾಂಧಿನಗರದಲ್ಲಿ ೧೯೮೯ರಲ್ಲಿ ಕಾರ್ಯಾರಂಭವಾದ ‘ಆದಿತ್ಯ’ವು ಇಂಥದೇ ಯಂತ್ರ. ಪ್ಲಾಸ್ಮಾವು ಹಿಡಿತ ತಪ್ಪಿದರೆ ಯಂತ್ರದ ಗೋಡೆಗೆ ಹಾನಿ. ಆದುದರಿಂದ ಅದರ ನಡೆಯನ್ನು ಮೊದಲೇ ಲೆಕ್ಕಹಾಕಿ ತಿಳಿಯುವುದು ಅವಶ್ಯ.

ಕಷ್ಟವೇನೆಂದರೆ, ಯಂತ್ರದ ಅಳತೆ ಮೀಟರುಗಳಲ್ಲಿ. ಅದಕ್ಕೆ ಇಂಧನವಾಗಿ ಹಾರಿಸುವ ಹೆಪ್ಪುಗಟ್ಟಿದ ಜಲಜನಕದ ಗುಂಡಿನ ಅಳತೆ ಮಿಲಿಮೀಟರುಗಳಲ್ಲಿ. ಗುಂಡು ಕರಗಿ ಆವಿಯಾಗುವ ಎಡೆಯಲ್ಲಿ ಎಲ್ಲವೂ ಥಟ್ಟನೆ ಬದಲಾಗುವುದು. ಯಂತ್ರವನ್ನೆಲ್ಲ ಉದ್ದ, ಅಗಲ, ಎತ್ತರಗಳಲ್ಲಿ ಹತ್ತುಪಟ್ಟು ಸೂಕ್ಷ್ಮಗೊಳಿಸಿದರೆ ಕೋಶಗಳು ಸಾವಿರ ಪಟ್ಟಾಗುವುವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೨೦೨೨ರಲ್ಲಿ ಸ್ಥಾಪಿತವಾದ ‘ಪರಮ್ ಪ್ರವೇಗ’ದಂಥ ಮಹಾಗಣಕಗಳಿಗೂ ಇಂಥ ದುಂದು ಸಲ್ಲದು.

ಇದಕ್ಕೆ ಉಪಾಯವನ್ನು ಮಾರ್ಷಾ ಬರ್ಗರ್ ಎಂಬ ಮಹಿಳೆಯೂ ಅವರ ಗುರು ಜೋಸೆಫ್ ಆಲಿಗರ್ ಅವರೂ ೧೯೮೪ರಲ್ಲಿ ಪ್ರಕಟಿಸಿದರು. ಗಣಕವು ಆಗಾಗ ಚೌಕಗಳನ್ನು ಪರೀಕ್ಷಿಸುವುದು. ತಪ್ಪು ಹೆಚ್ಚಾಗಬಹುದಾದ ಎಡೆಗಳನ್ನು ಗುರುತಿಸುವುದು. ಅಲ್ಲಿ ಮಾತ್ರ ಸಣ್ಣ ಚೌಕಗಳನ್ನು ಹಾಸುವುದು. ಬದಲಾವಣೆಯು ಮುಂದೆ ಸರಿದರೆ ಅವನ್ನೂ ಸರಿಸುವುದು.

ಉಳಿತಾಯವನ್ನು ಅಂಕಗಣಿತದಿಂದಲೇ ಕಾಣಬಹುದು. ಕಾಗದದ ಮೇಲೆ ೧೦ ಲಕ್ಷ ಚೌಕಗಳಿರಲಿ. ಪ್ರತಿಯೊಂದನ್ನೂ ನೂರಾಗಿ ಒಡೆದರೆ ೧೦ ಕೋಟಿ. ಶೇಕಡಾ ೨ರಷ್ಟನ್ನು, ಎಂದರೆ ೨೦,೦೦೦ವನ್ನು ಮಾತ್ರ ಒಡೆದರೆ ೨೦ ಲಕ್ಷ. ಉಳಿದ ೯,೮೦,೦೦೦ ಸೇರಿ ೨೯,೮೦,೦೦೦. ಕೆಲಸವು ಮೂವತ್ತಮೂರರಲ್ಲಿ ಒಂದು ಪಾಲಿಗೆ ಇಳಿಯಿತು. ಹೀಗೆಯೇ ಪ್ರಿನ್ಸ್‌ಟನ್ನಿನ ಪ್ಲಾಸ್ಮಾ ಪ್ರಯೋಗಾಲಯದ ರವಿ ಸಾಮ್ತಾನಿ ಮತ್ತು ಸಂಗಡಿಗರು ಮೇಲೆ ಹೇಳಿದ ಗುಂಡಿನ ಲೆಕ್ಕವನ್ನು ೨೦೦೪ರಲ್ಲಿ ಪ್ರಕಟಿಸಿದರು.

ಎರಡು ಎಚ್ಚರಿಕೆಗಳುಂಟು. ಮೊದಲನೆಯದು, ದೊಡ್ಡ ಚೌಕದಿಂದ ಹೊರಟ ದ್ರವ್ಯ ಶಕ್ತಿಗಳಷ್ಟೇ ನೆರೆಯ ಸಣ್ಣ ಚೌಕಗಳನ್ನು ಸೇರಬೇಕು. ಒಂದು ಕೈಯ ಖರ್ಚು ಮತ್ತೊಂದು ಕೈಯ ಜಮೆಗೆ ಸರಿಹೋಗಬೇಕು. ಎರಡನೆಯದು, ಎಲ್ಲಿ ಸೂಕ್ಷ್ಮತೆ ಬೇಕೆಂಬ ನಿಯಮವು ತಪ್ಪಾಗಿದ್ದರೆ, ಸಣ್ಣದಾಗಿ ಹುಟ್ಟಿದ ಕ್ಷೋಭೆಯು ದೊಡ್ಡ ಚೌಕದೊಳಗೆ ಕಾಣದೆ ಉಳಿದು, ಫಲವೆಲ್ಲ ಸುಳ್ಳಾಗುವುದು. ಆ ನಿಯಮವನ್ನು ವಿಧಿಸತಕ್ಕವರು ಮನುಷ್ಯರೇ ಹೊರತು ಯಂತ್ರವಲ್ಲ.

ಯಂತ್ರವೇ ಲೆಕ್ಕ ಮಾಡುವಾಗ ಹೆಣ್ಣುಮಕ್ಕಳಿಗೆ ಗಣಿತವೇಕೆಂದು ಕೆಲವು ತಂದೆತಾಯಿಗಳು ಕೇಳುವುದುಂಟು. ಅದಕ್ಕೆ ಉತ್ತರ ಇದೇ. ಎಳೆಯ ವಾಚಕಿಯರು ಶೇಕಡಾ ೫ರಷ್ಟು ಚೌಕಗಳನ್ನು ಒಡೆದರೆ ಒಟ್ಟು ಎಷ್ಟಾಗುವುವೆಂದು ಲೆಕ್ಕಿಸಿ ನೋಡಲಿ.