ಮೊದಲು ಯಾರ ಬಾಕಿ?

ಸತ್ತವರಿಂದ ಹಣ ಬರಬೇಕಾದವರಲ್ಲಿ ಎರಡು ಬಗೆ. ತಿಥಿಯ ಎಲೆ ಎತ್ತುವ ಮೊದಲೇ ಕೇಳುವವರು, ತಿಂಗಳಾದರೂ ಬಾಯಿ ಬಿಡದವರು. ನಮ್ಮ ಮನೆಗಳಲ್ಲಿ ದುಡ್ಡು ಹೋಗುವುದು ಸಾಮಾನ್ಯವಾಗಿ ಮೊದಲ ಬಗೆಯವರಿಗೆ. ತರೀಕೆರೆ ಕಡೆಯ ನಮ್ಮ ಚಿಕ್ಕಪ್ಪ ತೀರಿಕೊಂಡಾಗ ಉಯಿಲಿನಲ್ಲಿ ಅದನ್ನು ಜಾರಿ ಮಾಡುವ ಹೊಣೆಯನ್ನು ನನಗೆ ವಹಿಸಿದ್ದರು. ಪತ್ರಿಕೆಗೆ ಹಣಕಾಸಿನ ಬಗ್ಗೆ ಬರೆಯುತ್ತೇನೆ ಎಂಬುದೇ ಅದಕ್ಕೆ ನನ್ನ ಅರ್ಹತೆ.

ಬೀರುವಿನಲ್ಲಿ ಒಂದು ಎಲ್‌ಐಸಿ ಡೈರಿ ಸಿಕ್ಕಿತು. ಅದರ ಕೊನೆಯ ಹಾಳೆಗಳೇ ಚಿಕ್ಕಪ್ಪನ ಲೆಕ್ಕಪತ್ರ. ಗೊಬ್ಬರದ ಅಂಗಡಿಯ ಉದ್ರಿ, ಸೊಸೈಟಿಯ ಬೆಳೆಸಾಲ, ಚಿನ್ನದ ಮೇಲಿನ ಸಾಲ, ಒಂದು ಕ್ರೆಡಿಟ್ ಕಾರ್ಡು. ಕಡೆಯ ಪುಟದಲ್ಲಿ ತೋಟದ ಕೆಲಸಕ್ಕೆ ಬರುತ್ತಿದ್ದ ಗಂಡ ಹೆಂಡತಿಯ ಹೆಸರು, ಅದರ ಕೆಳಗೆ ಗೀಟುಗಳು. ಆಳಿಗೆ ದಿನಕ್ಕೊಂದು ಗೀಟು, ಐದಾದರೆ ಅಡ್ಡಗೆರೆ. ಕೂಲಿ ಕೊಟ್ಟ ವಾರಗಳ ಗೀಟಿಗೆ ಸುತ್ತ ಗೆರೆ ಎಳೆದಿದ್ದರು. ಆಸ್ಪತ್ರೆ ಸೇರುವ ಮೊದಲಿನ ವಾರಗಳಿಗೆ ಆ ಸುತ್ತುಗೆರೆ ಇರಲಿಲ್ಲ. ಆ ಇಬ್ಬರೂ ತಿಥಿಗೆ ಬಂದು ಪಾತ್ರೆ ತೊಳೆದು ಹೋಗಿದ್ದರು, ಒಂದು ಮಾತೂ ಕೇಳಿರಲಿಲ್ಲ.

ಕಾರ್ಡಿನವರದು ಬೇರೆ ವರಸೆ. ಬೆಂಗಳೂರಿನಲ್ಲಿರುವ ಚಿಕ್ಕಪ್ಪನ ಮಗನಿಗೆ ವಸೂಲಿಯವರು ಫೋನ್ ಮೇಲೆ ಫೋನ್. "ಅಣ್ಣಾ, ನನ್ನ ಸಿಬಿಲ್ ಹಾಳಾಗುತ್ತಂತೆ, ಕಟ್ಟಿಬಿಡ್ಲಾ?" ಎಂದ. ಬೇಡ ಅಂದೆ. ಅಪ್ಪನೊಬ್ಬನ ಹೆಸರಿನಲ್ಲಿದ್ದ ಸಾಲ ಮಗನ ಸಿಬಿಲ್‌ಗೆ ಬರುವುದಿಲ್ಲ. ಮಗ ಜೊತೆ ಸಾಲಗಾರನೋ ಜಾಮೀನುದಾರನೋ ಆಗಿದ್ದರೆ ಮಾತ್ರ ಬರುತ್ತದೆ. ಬೆಳಗ್ಗೆ ಎಂಟಕ್ಕೆ ಮುಂಚೆ, ಸಂಜೆ ಏಳರ ನಂತರ ವಸೂಲಿಗೆ ಫೋನ್ ಮಾಡಬಾರದು ಎಂದು ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿದೆ. ಇನ್ನು ಮೇಲೆ ಎಲ್ಲವನ್ನೂ ನನಗೆ ಬರವಣಿಗೆಯಲ್ಲಿ ಕಳಿಸಿ ಎಂದು ಮರಣ ಪ್ರಮಾಣಪತ್ರದ ಪ್ರತಿ ಇಟ್ಟು ಮೇಲ್ ಹಾಕಿದೆ. ಫೋನ್ ನಿಂತಿತು.

ಅಪ್ಪನ ಸಾಲ ತೀರಿಸುವುದು ಮಗನ ಧರ್ಮ ಎಂಬ ಮಾತು ಹಳೆಯದು. ಕಲ್ಯಾಣದಲ್ಲಿ ಕೂತು ವಿಜ್ಞಾನೇಶ್ವರ ಬರೆದ ಮಿತಾಕ್ಷರದ ಪರಂಪರೆಯಲ್ಲಿ ಅದು ಕಾನೂನೇ ಆಗಿತ್ತು. ಕುಡಿತ, ಜೂಜಿನ ಸಾಲಕ್ಕೆ ಅಲ್ಲೂ ವಿನಾಯಿತಿ ಇತ್ತೆನ್ನಿ. ಆದರೆ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟ 2005ರ ತಿದ್ದುಪಡಿಯೇ ಇದನ್ನೂ ತೆಗೆದುಹಾಕಿತು. ಆ ವರ್ಷದ ಸೆಪ್ಟೆಂಬರ್ 9ರ ನಂತರ ಮಾಡಿದ ಸಾಲಕ್ಕೆ ಬರೀ ಪುತ್ರಧರ್ಮದ ಹೆಸರಿನಲ್ಲಿ ಮಗನ ಮೇಲೆ ದಾವೆ ನಡೆಯುವುದಿಲ್ಲ. ಸತ್ತವರ ಆಸ್ತಿಯಲ್ಲಿ ವಾರಸುದಾರನ ಕೈಗೆ ಎಷ್ಟು ಬಂದಿದೆಯೋ ಅಷ್ಟರ ಮಟ್ಟಿಗೆ ಮಾತ್ರ ಹೊಣೆ. ಅವನ ಸ್ವಂತ ಸಂಬಳಕ್ಕೆ, ಫ್ಲ್ಯಾಟಿಗೆ ಯಾರೂ ಕೈ ಹಾಕುವಂತಿಲ್ಲ. ತಿರುಗಿಸಿ ನೋಡಿದರೆ, ಸಾಲ ತೀರದೆ ಆಸ್ತಿ ಹಂಚಿಕೊಳ್ಳುವಂತೆಯೂ ಇಲ್ಲ. ಈ ಎರಡನೆಯ ಭಾಗ ನೆಂಟರಿಗೆ ಬೇಗ ಮರೆತುಹೋಗುತ್ತದೆ.

ಯಾರಿಗೆ ಮೊದಲು ಎಂಬುದಕ್ಕೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಉಯಿಲು ಜಾರಿ ಮಾಡುವವನಿಗೆ ಒಂದು ಕ್ರಮ ಹಾಕಿಕೊಟ್ಟಿದೆ. ಮೊದಲು ಅಂತ್ಯಸಂಸ್ಕಾರದ ತಕ್ಕಷ್ಟು ಖರ್ಚು ಮತ್ತು ಕೊನೆಗಾಲದ ವೈದ್ಯಕೀಯ ಖರ್ಚು. ಆಮೇಲೆ ಕೋರ್ಟು ಕಚೇರಿಯ ವೆಚ್ಚ. ಮೂರನೆಯದಾಗಿ, ಸಾಯುವ ಮುಂಚಿನ ಮೂರು ತಿಂಗಳಲ್ಲಿ ದುಡಿದ ಕೂಲಿಯವರ, ಕುಶಲಕರ್ಮಿಗಳ, ಮನೆಗೆಲಸದವರ ಸಂಬಳ. ಮಾಮೂಲು ಸಾಲ ಕೊಟ್ಟ ಉಳಿದವರು ಅದಾದ ಮೇಲೆ. ಹಣ ಸಾಲದೇ ಬಂದರೆ ಅವರೆಲ್ಲರಿಗೂ ಒಂದೇ ಪ್ರಮಾಣದಲ್ಲಿ ಹಂಚಬೇಕು. ಅಂದರೆ ಕಾರ್ಡ್ ಕಂಪನಿಯ ಬಾಕಿಗಿಂತ ಡೈರಿಯ ಆ ಗೀಟುಗಳಿಗೆ ಬೆಲೆ ಹೆಚ್ಚು. ಎಸ್ಟೇಟ್, ಅಂದರೆ ಚಿಕ್ಕಪ್ಪ ಬಿಟ್ಟುಹೋದ ಆಸ್ತಿಯ, ಖಾತೆಯಿಂದ ಹೊರಟ ಮೊದಲ ಹಣ ಕೂಲಿಯದೇ. ಆಸ್ಪತ್ರೆಯ ಬಿಲ್ಲನ್ನು ಮಗ ಆಗಲೇ ಕಟ್ಟಿದ್ದ. ಅದು ಅವನಿಗೆ ಎಸ್ಟೇಟಿನಿಂದ ಬರಬೇಕಾದ ಹಣ ಎಂದು ಬರೆದಿಟ್ಟೆ. ಊರಿಗೆಲ್ಲ ಹೋಳಿಗೆ ಹಾಕಿಸಿದ್ದು "ತಕ್ಕಷ್ಟು" ಆಗುತ್ತದೆಯೇ ಎಂದು ಅವನು ಕೇಳಿದ. ನಾನು ಮಾತು ಬೇರೆ ಕಡೆಗೆ ತಿರುಗಿಸಿದೆ.

ಚಿನ್ನದ ಸಾಲ ಮಾತ್ರ ಈ ಸಾಲಿನಲ್ಲಿ ನಿಲ್ಲುವುದಿಲ್ಲ. ಅಡವಿಟ್ಟುಕೊಂಡವನ ಕೈಯಲ್ಲಿ ಒಡವೆ ಇದೆ, ಬಡ್ಡಿ ಬೆಳೆಯುತ್ತಿದೆ, ಕಟ್ಟದಿದ್ದರೆ ಹರಾಜು. ಒಡವೆಯೋ ಚಿಕ್ಕಮ್ಮನ ತವರಿನದು. ಬೇಗ ಬಿಡಿಸಿಕೊಂಡೆವು.

ಸಂಬಂಧದಲ್ಲಿ ಮಾವನಾಗಬೇಕಾದ ಹಿರಿಯರೊಬ್ಬರು ಪ್ರೋನೋಟು ಹಿಡಿದು ಬಂದರು. ತಾರೀಖು ನೋಡಿದರೆ ದಾವೆ ಹೂಡುವ ಮೂರು ವರ್ಷದ ವಾಯಿದೆ ಎಂದೋ ದಾಟಿತ್ತು. ಅವರಿಗೂ ಅದು ಗೊತ್ತು. ನನ್ನನ್ನು ಬಿಟ್ಟು ಹುಡುಗನನ್ನು ಹಿಡಿದರು. "ದುಡ್ಡು ಈಗಲೇ ಬೇಡ ಕಣಪ್ಪ. ಹಿಂದೆ ಎರಡು ಸಾಲು ಬರೆದು ಸೈನ್ ಹಾಕು, ನಿಮ್ಮಪ್ಪನ ಮಾತು ಉಳಿಯುತ್ತೆ." ಪೆನ್ನನ್ನೂ ಅವರೇ ತೆಗೆದರು. ವಾಯಿದೆ ಮೀರಿದ ಸಾಲವನ್ನು ತೀರಿಸುತ್ತೇನೆಂದು ಬರೆದು ಸಹಿ ಮಾಡಿದರೆ 1872ರ ಕರಾರು ಕಾಯ್ದೆಯ 25ನೇ ಕಲಮಿನ ಪ್ರಕಾರ ಅದು ಜೀವ ಪಡೆಯುತ್ತದೆ. ಸಹಿ ಹಾಕಿದ್ದರೆ ಇಷ್ಟು ದಿನ ಎಸ್ಟೇಟಿಗಷ್ಟೇ ಸಂಬಂಧಿಸಿದ್ದ ತಕರಾರು ಹುಡುಗನ ಸ್ವಂತದ್ದಾಗುತ್ತಿತ್ತು. "ಮಾವ, ಪತ್ರದ ಜೆರಾಕ್ಸ್ ಕೊಟ್ಟಿರಿ, ಎಲ್ಲರ ಲೆಕ್ಕ ಒಟ್ಟಿಗೆ ನೋಡ್ತೀವಿ" ಎಂದು ಕಾಫಿ ಕೊಟ್ಟು ಕಳಿಸಿದೆ. ಕೈಗಡ ಕೊಟ್ಟಿದ್ದು ನಿಜವೇ ಇರಬಹುದು. ಕೊಡಬೇಕೆಂದು ಚಿಕ್ಕಮ್ಮನಿಗೆ ಅನ್ನಿಸಿದರೆ ತಮ್ಮ ಪಾಲಿನಲ್ಲಿ ಕೊಡಲಿ.

ಚಿಕ್ಕಪ್ಪನ ಖಾತೆಯ ಹಣ ಬಿಡಲು ಬ್ಯಾಂಕಿನವರು ಪ್ರೊಬೇಟ್, ಅಂದರೆ ಉಯಿಲಿಗೆ ಕೋರ್ಟಿನ ದೃಢೀಕರಣ, ತನ್ನಿ ಎಂದು ಪಟ್ಟು ಹಿಡಿದರು. ಹಿಂದೂಗಳ ಉಯಿಲಿಗೆ ಪ್ರೊಬೇಟ್ ಕಡ್ಡಾಯ ಎಂಬ ನಿಯಮ ಹುಟ್ಟಿದ್ದು ಕೋಲ್ಕತ್ತ, ಚೆನ್ನೈ, ಮುಂಬೈಗಳಿಗಾಗಿ. ತರೀಕೆರೆಗೆ ಅದು ಎಂದೂ ಅನ್ವಯಿಸಿರಲಿಲ್ಲ. ಬರವಣಿಗೆಯಲ್ಲಿ ಕೇಳಿ ಎಂದ ಮೇಲೆ ನಾಮಿನಿ ಚಿಕ್ಕಮ್ಮನ ಹೆಸರಿಗೆ ಹಣ ಬಿಟ್ಟರು. ನಾಮಿನಿ ಹಣ ತೆಗೆದುಕೊಳ್ಳುವವರು ಮಾತ್ರ, ಒಡೆಯರಲ್ಲ. ಆ ಹಣವೂ ಸಾಲದ ಲೆಕ್ಕಕ್ಕೆ ಬಂತು. ಅದೇ ಖಾತೆಯ ಪಾಸ್‌ಬುಕ್ಕಿನಲ್ಲಿ 436 ರೂಪಾಯಿಯ ಒಂದು ಕಡಿತ ಕಂಡಿತು. ಜೀವನ ಜ್ಯೋತಿ ವಿಮೆಯ ವಾರ್ಷಿಕ ಕಂತು ಅದು, 2 ಲಕ್ಷದ ವಿಮೆ. ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಈಗ ಉಳಿದಿರುವುದು ಜಾಮೀನು. ಪಕ್ಕದ ಮನೆಯ ಹುಡುಗನ ಹಸು ಸಾಲಕ್ಕೆ ಚಿಕ್ಕಪ್ಪ ಸಹಿ ಹಾಕಿದ್ದರು. ಆಗಲೇ ಕೊಟ್ಟಾದ ಸಾಲದ ಜಾಮೀನು ಜಾಮೀನುದಾರನ ಸಾವಿನಿಂದ ಮುಗಿಯುವುದಿಲ್ಲ, ಅವರ ಆಸ್ತಿಯ ಮೇಲೆ ಉಳಿಯುತ್ತದೆ. ಬೇರೆ ಜಾಮೀನುದಾರನನ್ನು ತೆಗೆದುಕೊಳ್ಳಿ ಎಂದು ಸೊಸೈಟಿಗೆ ಅರ್ಜಿ ಕೊಟ್ಟಿದ್ದೇವೆ. ಹುಡುಗ ಕಂತು ಕಟ್ಟುತ್ತಿದ್ದಾನೆ, ಹಸುವೂ ಹಾಲು ಕೊಡುತ್ತಿದೆ. ಆದರೂ ಆ ಸಾಲದಷ್ಟು ಹಣವನ್ನು ಹಂಚದೆ ಎಫ್.ಡಿ.ಯಲ್ಲಿ ಇಟ್ಟಿದ್ದೇನೆ. ಇದಕ್ಕಾಗಿ ಚಿಕ್ಕಪ್ಪನ ಮಗ ನನ್ನ ಮೇಲೆ ಇನ್ನೂ ಮುನಿಸಿಕೊಂಡಿದ್ದಾನೆ. ಸೊಸೈಟಿಯ ಉತ್ತರ ಬರುವವರೆಗೆ ಮುನಿಸಿಕೊಂಡೇ ಇರಲಿ.